ಜಿಲೇಬಿ ಮೀನಿಗೂ ಒಂದು ಸಂಜೆ

ಬೆಂಗಳೂರಿನಲ್ಲಿ ಗಾಳ ಹಾಕುವ ಹುಚ್ಚಿನವರು ನಾಲ್ವರು ಕಲೆತರೆ ಮಾತು ಬೇಗನೆ ಕಾವೇರಿಗೆ ಹರಿಯುತ್ತದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ; ಮಹಶೀರ್ ಮೀನು, ಅದರ ತೂಕ, ಅದು ಎಳೆದ ಎಳೆತ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ ಮೀನಿನ ಕಥೆಯನ್ನು ಪಕ್ಕದಲ್ಲೇ ನಿಂತು ನೋಡಿದವರಂತೆ ಹೇಳುವವರಿದ್ದಾರೆ. ಆ ಮೀನಿನ ಮೇಲೆ ನನಗೂ ಗೌರವವಿದೆ. ಗೂನು ಬೆನ್ನಿನ ಆ ಕಾವೇರಿ ಮಹಶೀರ್‌ನ ಸರಿಯಾದ ವೈಜ್ಞಾನಿಕ ಹೆಸರು ಇತ್ಯರ್ಥವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಂಥದ್ದನ್ನು ಅದರ ಪಾಡಿಗೆ ಬಿಡುವುದೇ ಮೇಲು.

ನನ್ನ ಮೀನು ಬೇರೆ. ಅಂಗೈ ಅಗಲ, ಬೂದು ಮೈ, ಮುಳ್ಳಿನ ಬೆನ್ನು. ಪುಸ್ತಕದಲ್ಲಿ ತಿಲಾಪಿಯ, ಸಂತೆಯಲ್ಲಿ ಜಿಲೇಬಿ. ಹೆಸರು ಕೇಳಿದರೆ ಕಾವೇರಿ ಗುಂಪಿನವರು ಮುಖ ಕಿವುಚುತ್ತಾರೆ. ಕಿವುಚಲಿ. ಕೊಕ್ಕೆಗೆ ದಾರ, ಗರಿ ಸುತ್ತಿ ಕಟ್ಟಿದ ಸುಳ್ಳು ಹುಳುವನ್ನು ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಎಂಬ ಈ ನಾಜೂಕಿನ ಕೆಲಸಕ್ಕೆ ಸಣ್ಣ ಮೀನಿನಷ್ಟು ಒಪ್ಪುವ ಜೊತೆಗಾರ ಇನ್ನೊಬ್ಬನಿಲ್ಲ ಎಂಬುದು ನನ್ನ ವಾದ.

ನನಗೆ ಯಲಹಂಕದ ಹಳೇ ಪಟ್ಟಣದಲ್ಲಿ ಬ್ಲೌಸ್ ಹೊಲಿಯುವ, ಸೀರೆಗೆ ಫಾಲ್ ಹಾಕುವ, ಕುಚ್ಚು ಕಟ್ಟುವ ಅಂಗಡಿಯಿದೆ. ಇಂಥವಳ ಕೈಗೆ ಫ್ಲೈ ರಾಡ್ ಬಂದದ್ದು ತಮ್ಮನಿಂದ. ಅವನಿರುವುದು ಅಮೆರಿಕದ ಮಿಚಿಗನ್‌ನಲ್ಲಿ. ಅಲ್ಲಿನ ಕೊಳಗಳಲ್ಲಿ ಬ್ಲೂಗಿಲ್ ಎಂಬ ಚಪ್ಪಟೆ ಮೀನಿದೆ. ಕಿವಿರಿನ ಮುಚ್ಚಳದ ತುದಿಯಲ್ಲಿ ಒಂದು ಕಪ್ಪು ಮಚ್ಚೆ, ಬಾಣಲೆಗೆ ಇಡಿಯಾಗಿ ಹಿಡಿಸುವ ಗಾತ್ರ. ಕೆಲಸ ಮುಗಿಸಿ ಬಂದು ರಾತ್ರಿ ಊಟಕ್ಕೆ ಮುಂಚೆ ಅದರ ಹಿಂದೆ ಬೀಳುವುದು ಅಲ್ಲಿ ಎಷ್ಟೋ ಜನರ ಅಭ್ಯಾಸವಂತೆ. ಊರಿಗೆ ಬಂದಾಗ ತಂದಿದ್ದ ಮೂರನೇ ನಂಬರಿನ, ಅಂದರೆ ಹಗುರವಾದ ರಾಡನ್ನು, ‘ಅಕ್ಕ, ಇದು ದಾರದ ಕೆಲಸ, ನನಗಿಂತ ನಿನಗೆ ಚೆನ್ನಾಗಿ ಒಲಿಯುತ್ತದೆ’ ಎಂದು ನನ್ನಲ್ಲೇ ಬಿಟ್ಟುಹೋದ.

ನಾನು ಹೋಗುವ ಕೆರೆ ದೊಡ್ಡಬಳ್ಳಾಪುರ ರಸ್ತೆಯ ಕಡೆಗಿದೆ, ಸ್ಕೂಟರಿನಲ್ಲಿ ಹೋದರೆ ಬಹಳ ಹೊತ್ತಿನ ದಾರಿಯಲ್ಲ. ಹೆಸರು ಬರೆಯುವುದಿಲ್ಲ, ಬರೆದರೆ ಮುಂದಿನ ಭಾನುವಾರವೇ ಏರಿಯ ಮೇಲೆ ಬಿರಿಯಾನಿ ಪೊಟ್ಟಣಗಳು ಬಿದ್ದಿರುತ್ತವೆ. ನಗರದೊಳಗಿನ ಅನೇಕ ಕೆರೆಗಳ ಬೇಲಿಗೆ ಮೀನು ಹಿಡಿಯಬಾರದೆಂಬ ಫಲಕ ನೇತಾಡುತ್ತದೆ. ಹೊರವಲಯದ ಕೆರೆಗಳಲ್ಲಾದರೂ ಮೀನಿನ ಹಕ್ಕು ಹೆಚ್ಚಾಗಿ ಗುತ್ತಿಗೆ ಹಿಡಿದವರದು. ಕೇಳದೆ ಇಳಿಯುವಂತಿಲ್ಲ. ನಾನು ಕೇಳಿದಾಗ ಗುತ್ತಿಗೆದಾರರು ನಕ್ಕರು. ‘ಜಿಲೇಬಿ ಎಷ್ಟು ಬೇಕಾದರೂ ಹಿಡಿಯಿರಿ ಅಮ್ಮ. ಕಾಟ್ಲಾ, ರೋಹು ಸಿಕ್ಕರೆ ಮಾತ್ರ ನೀರಿಗೆ ಬಿಟ್ಟುಬಿಡಿ’ ಎಂದರು.

ಅವರ ಲೆಕ್ಕ ಸರಿಯಾದದ್ದೇ. ಕಾಟ್ಲಾ ಮರಿಗೆ ಅವರು ಹಣ ಕೊಟ್ಟಿದ್ದಾರೆ. ಜಿಲೇಬಿ ಕರೆಯದೆ ಬಂದ ನೆಂಟ. ಆಫ್ರಿಕಾದ ಮೊಸಾಂಬಿಕ್ ತಿಲಾಪಿಯವನ್ನು ಭಾರತಕ್ಕೆ ತಂದದ್ದು 1952ರಲ್ಲಿ, ಸಾಕಲೆಂದೇ. ಅದು ಸಾಕಿದವರ ಕೈಮೀರಿ ಬೆಳೆಯಿತು. ತಾಯಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ಹಾಗಾಗಿ ಮರಿಗಳು ಉಳಿಯುವುದು ಹೆಚ್ಚು. ಬೇಗ ಪ್ರಾಯಕ್ಕೆ ಬರುತ್ತದೆ, ಮತ್ತೆ ಮತ್ತೆ ಮರಿ ಮಾಡುತ್ತದೆ. ಕೆರೆ ಕಿಕ್ಕಿರಿದು ಯಾರಿಗೂ ಹೊಟ್ಟೆ ತುಂಬದೆ ಎಲ್ಲವೂ ಅಂಗೈಯಷ್ಟಕ್ಕೇ ನಿಂತುಬಿಡುತ್ತವೆ. ಗುತ್ತಿಗೆದಾರರಿಗೆ ಅದು ಕಳೆ, ನನಗೆ ಬೆಳೆ. ನನ್ನೊಬ್ಬಳ ಗಾಳದಿಂದ ಅದರ ಸಂತತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ, ಅದು ಬೇರೆ ಮಾತು.

ತಮ್ಮ ಕೊಟ್ಟ ಪುಸ್ತಕಗಳಲ್ಲಿ ಸಂಜೆಯೆಂದರೆ ಮುಗಿಯಲೊಲ್ಲದ ಸಂಜೆ. ಮಿಚಿಗನ್‌ನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ. ಅನಂತರವೂ ಬೆಳಕು ಸಾವಕಾಶವಾಗಿ ಜಾರುತ್ತದೆ. ನಮ್ಮದು 13 ಡಿಗ್ರಿ ಅಕ್ಷಾಂಶದ ಊರು, ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಜುಲೈ ಆರಂಭದಲ್ಲಿ ಸುಮಾರು 6.50ಕ್ಕೆ, ನವೆಂಬರ್ ಕೊನೆಯಲ್ಲಿ 5.50ಕ್ಕೆ ಮುಳುಗಿದನೆಂದರೆ ಅಲ್ಲಿಂದ ಇಪ್ಪತ್ತು, ಇಪ್ಪತ್ತೆರಡು ನಿಮಿಷದಲ್ಲಿ ಗಾಳದ ಕಣ್ಣಿಗೆ ಎಳೆ ಪೋಣಿಸಲಾರದಷ್ಟು ಕತ್ತಲು. ಇಡೀ ಆಟ ಆ ಇಪ್ಪತ್ತು ನಿಮಿಷದ್ದು. ನಾನು ಏರಿಯ ಮೇಲೆ ಕುಳಿತು ಬೆಳಕಿರುವಾಗಲೇ ಎರಡು ತುಂಡು ಎಳೆಗೆ ಎರಡು ಹುಳು ಕಟ್ಟಿಟ್ಟುಕೊಳ್ಳುತ್ತೇನೆ. ಒಂದು ಜೊಂಡಿಗೆ ಸಿಕ್ಕಿ ಹರಿದರೆ ಇನ್ನೊಂದಕ್ಕೆ ಗಂಟು ಹಾಕುವಷ್ಟೇ ಕೆಲಸ. ಮಹಶೀರ್‌ಗೆ ಇಡೀ ದಿನ ಕಾಯಬೇಕು, ರಜೆ ಹಾಕಬೇಕು, ಕಾಡಿಗೆ ಹೋಗಬೇಕು. ಮದುವೆ ತಿಂಗಳಲ್ಲಿ ಬ್ಲೌಸ್ ಒಂದು ದಿನ ತಡವಾದರೆ ಹುಡುಗಿಯ ತಾಯಿ ಅಂಗಡಿಗೇ ಬಂದು ಕೂರುತ್ತಾರೆ. ನನಗೆ ಇಪ್ಪತ್ತು ನಿಮಿಷ ಎಂದರೆ ಧಾರಾಳ.

ಹಗಲಿಡೀ ಜಿಲೇಬಿ ಮೀನುಗಳು ದಡಕ್ಕೆ ಬರುವುದಿಲ್ಲ. ನೀರುಕಾಗೆಗಳು ಸಾಲಾಗಿ ಮುಳುಗೇಳುತ್ತಿರುತ್ತವೆ, ವಿದ್ಯುತ್ ತಂತಿಯ ಮೇಲೆ ಮಿಂಚುಳ್ಳಿ ಕೂತಿರುತ್ತದೆ, ಬೆಳ್ಳಕ್ಕಿಯಂತೂ ನೀರಿನಲ್ಲೇ ನಿಂತಿರುತ್ತದೆ. ಇವೆಲ್ಲ ಗೂಡು ಸೇರಲು ಹೊರಟ ಮೇಲೆ ಸಣ್ಣ ಮೀನಿಗೆ ಮೊಣಕಾಲುದ್ದದ ನೀರಿನಲ್ಲಿ ಧೈರ್ಯ ಬರುತ್ತದೆ. ಅದೇ ಹೊತ್ತಿಗೆ ತಳದ ಕೆಸರಿನಲ್ಲಿ ಬೆಳೆದ ಕಚ್ಚದ ಸೊಳ್ಳೆಯಂಥ ಹುಳುಗಳು ನೀರಿನ ಮೇಲಕ್ಕೆ ಬಂದು ರೆಕ್ಕೆ ಬಿಚ್ಚುತ್ತವೆ. ಮೊದಲು ಏಳುವುದು ಪಕ್ಕದುದ್ದಕ್ಕೂ ಕಪ್ಪು ಗೆರೆಯಿರುವ ಬೆರಳುದ್ದದ ಬೆಳ್ಳಿ ಮೀನುಗಳು. ಅವು ಮೇಲಿನ ಹುಳುವನ್ನು ಪಟಪಟನೆ ಹೊಡೆಯುತ್ತವೆ, ಗಾಳ ನುಂಗುವಷ್ಟು ಬಾಯಿಲ್ಲ. ಅವುಗಳ ಗಲಾಟೆಯ ಕೆಳಗೆ ಜಿಲೇಬಿ ತೆಪ್ಪಗೆ ಮೇಯುತ್ತಿರುತ್ತದೆ.

ಸಾಮಾನ್ಯ ಗಾಳದಲ್ಲಿ ಸೀಸದ ಭಾರ ದಾರವನ್ನು ದೂರಕ್ಕೆ ಒಯ್ಯುತ್ತದೆ. ಇಲ್ಲಿ ಹುಳುವಿಗೆ ತೂಕವೇ ಇಲ್ಲ, ತೂಕ ಇರುವುದು ಲೈನಿಗೆ, ಅಂದರೆ ರಾಡಿನಿಂದ ಬೀಸುವ ದಪ್ಪ ದಾರಕ್ಕೆ. ಮೂರನೇ ನಂಬರಿನ ಲೈನಿನ ಮೊದಲ 30 ಅಡಿ ಸುಮಾರು ಆರೂವರೆ ಗ್ರಾಂ ತೂಗುತ್ತದೆ. ಆ ಆರೂವರೆ ಗ್ರಾಂ ಗಾಳಿಯಲ್ಲಿ ಹಿಂದಕ್ಕೆ ನೆಟ್ಟಗೆ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ತರಬೇಕು. ಆ ಒಂದು ಕ್ಷಣದ ಕಾಯುವಿಕೆಯೇ ವಿದ್ಯೆ. ತೋಳಿನ ಬಲ ತೋರಿಸುವ ಗಂಡಸರು ಇಲ್ಲಿ ಸೋಲುತ್ತಾರೆ, ನೋಡಿ ನಕ್ಕಿದ್ದೇನೆ. ಆದರೆ ನಮ್ಮ ಕೆರೆಗಳಲ್ಲಿ ಹಿಂದೆ ಏರಿ, ಏರಿಯ ಮೇಲೆ ಜಾಲಿ. ಹಿಂದಕ್ಕೆ ಬೀಸಲು ಜಾಗವೆಲ್ಲಿ? ಅದಕ್ಕೆ ರೋಲ್ ಕಾಸ್ಟ್ ಇದೆ. ಲೈನನ್ನು ನೀರಿನ ಮೇಲೇ ಎಳೆದು ತಂದು, ರಾಡನ್ನು ಕಿವಿಯ ಪಕ್ಕಕ್ಕೆ ಎತ್ತಿ ನಿಲ್ಲಿಸಿ, ಮುಂದಕ್ಕೆ ಒಂದು ಸಲ ಕೆಳಗೆ ಒತ್ತಿದರೆ ಉರುಳಿಕೊಂಡು ಹೋಗುತ್ತದೆ. ಮೂವತ್ತು ಅಡಿ ಸಾಕು, ಮೀನು ಅಲ್ಲೇ ಇದೆ. ಹಾರುವ ಕೊಕ್ಕೆ ಕಣ್ಣಿಗೆ ತಗುಲದಿರಲು ಕನ್ನಡಕ ಮಾತ್ರ ಹಾಕಿಕೊಳ್ಳಲೇಬೇಕು.

ಹುಳು ಕಟ್ಟುವುದು ಬಂದರೆ ನನ್ನನ್ನು ಮೇಜಿನಿಂದ ಎಬ್ಬಿಸುವುದು ಕಷ್ಟ. ಈ ಕೆಲಸಕ್ಕೆ ಬೇಕಾದ ಸಾಮಾನು ಅಮೆರಿಕದಿಂದ ತರಿಸಬೇಕೆಂದು ತಿಳಿದವರು ನಮ್ಮಂಥ ಅಂಗಡಿಯ ಕಸದ ಬುಟ್ಟಿ ನೋಡಿಲ್ಲ. ಮೈಗೆ ಕುಚ್ಚಿನ ರೇಷ್ಮೆ ದಾರ, ಎಳೆ ಬಿಡಿಸಿ ಒಂದೊಂದೇ. ಅದರ ಮೇಲೆ ಸುತ್ತುವ ಮಿನುಗಿಗೆ ಚಿಕ್ಕಪೇಟೆಯ ಜರಿ. ಒಳ್ಳೆಯ ಜರಿ ನೀರಿನಲ್ಲಿ ಬಣ್ಣ ಕಳೆದುಕೊಳ್ಳುವುದಿಲ್ಲ, ಅಗ್ಗದ್ದು ಕಳೆದುಕೊಳ್ಳುತ್ತದೆ. ತೇಲಬೇಕಾದದ್ದಕ್ಕೆ ಮಕ್ಕಳ ಕರಕುಶಲ ಕೆಲಸಕ್ಕೆಂದು ಸ್ಟೇಷನರಿ ಅಂಗಡಿಯಲ್ಲಿ ಮಾರುವ ಫೋಮ್ ಹಾಳೆ. ಕೊನೆಯ ಗಂಟಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್. ಕೊಕ್ಕೆ 12 ಅಥವಾ 14ನೇ ನಂಬರು. ನಂಬರು ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ, ಜಿಲೇಬಿಯ ಬಾಯಿ ಸಣ್ಣದು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ಕತ್ತಲಲ್ಲಿ ಅದು ಮೀನಿನ ಬಾಯಿಂದಲೂ ನನ್ನ ಬೆರಳಿನಿಂದಲೂ ಸುಲಭವಾಗಿ ಕಳಚಿಕೊಳ್ಳಬೇಕು.

ಗರಿ ಮಾತ್ರ ಕೋಳಿ ಅಂಗಡಿಯದು, ಅದೂ ನಾಟಿ ಹುಂಜದ ಕುತ್ತಿಗೆಯದು. ಬ್ರಾಯ್ಲರ್ ಕೋಳಿಗೆ ಗರಿ ಬಲಿಯುವ ಮುಂಚೆಯೇ ಆಯುಸ್ಸು ಮುಗಿದಿರುತ್ತದೆ, ಅದರ ಗರಿ ನೀರು ಕುಡಿದು ಹತ್ತಿಯಾಗುತ್ತದೆ. ಯಲಹಂಕದವರಿಗೆ ಇದರಲ್ಲೂ ಒಂದು ವಿಶೇಷವಿದೆ. ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ, ಹದ್ದುಗಳು ವಿಮಾನಕ್ಕೆ ಅಡ್ಡ ಬಾರದಿರಲೆಂದು ಸುತ್ತಮುತ್ತಲಿನ ಮಾಂಸದ ಅಂಗಡಿಗಳನ್ನು ಮುಚ್ಚಿಸುತ್ತಾರೆ. 2025ರ ಫೆಬ್ರವರಿಯಲ್ಲೂ ಸುತ್ತ ಹದಿಮೂರು ಕಿಲೋಮೀಟರು ಹಾಗೇ ಆಯಿತು. ಆಕಾಶದಲ್ಲಿ ಯುದ್ಧವಿಮಾನಗಳು ಲಾಗ ಹಾಕುತ್ತಿದ್ದರೆ ನಾನು ಕೆಳಗೆ ಒಂದು ಹಿಡಿ ಹುಂಜದ ಗರಿಗೆ ಬಾಯಿ ಬಿಡುತ್ತಿದ್ದೆ.

ಇನ್ನೊಂದು ಸಂಗತಿ ತಿಳಿದಾಗ ನನಗೆ ಖುಷಿಯಾಯಿತು. ನೈಲಾನ್ ಬರುವುದಕ್ಕೆ ಮುಂಚೆ ಹುಳುವಿಗೂ ಲೈನಿಗೂ ನಡುವಿನ ಆ ಕಾಣದ ಎಳೆಯನ್ನು ರೇಷ್ಮೆಹುಳುವಿನ ಹೊಟ್ಟೆಯಿಂದಲೇ ತೆಗೆಯುತ್ತಿದ್ದರಂತೆ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಅದರೊಳಗಿನ ರೇಷ್ಮೆ ಚೀಲವನ್ನು ಕೈಯಿಂದ ಎಳೆದು ಒಣಗಿಸುವುದು. ಸ್ಪೇನಿನ ಮುರ್ಸಿಯಾದಲ್ಲಿ ಅದೇ ಒಂದು ದೊಡ್ಡ ಕಸುಬಾಗಿತ್ತು. ರಾಮನಗರದ ಗೂಡಿನ ಮಾರುಕಟ್ಟೆ ಇಷ್ಟು ಹತ್ತಿರವಿದೆ, ಒಂದು ಸಲ ಹಣ್ಣಾದ ಹುಳು ತಂದು ಎಳೆದು ನೋಡೋಣವೇ ಎಂದು ಕೇಳಿದೆ. ಮಗಳು ಊಟ ಬಿಟ್ಟು ಎದ್ದುಹೋದಳು.

ವರ್ಷದಲ್ಲಿ ಕೆಲವು ಸಂಜೆಗಳು ಮಾತ್ರ ಬೇರೆಯೇ ತೂಕದವು. ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದು ಮಣ್ಣು ಇನ್ನೂ ಬೆಚ್ಚಗಿರುವಾಗ ಹುತ್ತಗಳಿಂದ ರೆಕ್ಕೆಯ ಗೆದ್ದಲುಗಳು ಏಳುತ್ತವೆ. ಎಲ್ಲರ ಮನೆಯ ಟ್ಯೂಬ್‌ಲೈಟಿನ ಕೆಳಗೆ ರೆಕ್ಕೆ ಉದುರಿಸುವ ಅವೇ. ಏರಿಯ ಮೇಲಿನ ಹುತ್ತದಿಂದ ಎದ್ದವು ಹಾರಲು ಬಾರದೆ ಹಾರಿ ನೀರಿಗೆ ಬೀಳುತ್ತವೆ. ಆಗ ಪಾಚಿ ತಿಂದು ಬದುಕುವ ಜಿಲೇಬಿಯೂ ಮರ್ಯಾದೆ ಮರೆಯುತ್ತದೆ. ಕೆರೆಯ ಆ ಮೂಲೆಯೆಲ್ಲ ಬಾಯಿಗಳೇ. ಕಾವಲುಗಾರನ ಹೆಂಡತಿ ಒಂದು ಕಡೆ ದೀಪದ ಕೆಳಗೆ ಬೇಸಿನ್ನಿನಲ್ಲಿ ನೀರಿಟ್ಟು ಗೆದ್ದಲು ಹಿಡಿಯುತ್ತಾಳೆ, ಹುರಿದು ತಿನ್ನಲು. ‘ಅಕ್ಕ, ನಿಮ್ಮದು ಸುಳ್ಳು ಹುಳು, ನನ್ನದು ನಿಜದ್ದು’ ಎನ್ನುತ್ತಾಳೆ.

ಆ ಸಂಜೆಗೆಂದೇ ಕಟ್ಟಿದ ಹುಳು ನನ್ನ ಹೆಮ್ಮೆ. ಕಾಫಿ ಬಣ್ಣದ ರೇಷ್ಮೆಯ ಮೈ, ನಡುವೆ ಒಂದು ಚೂರು ಫೋಮ್, ಮೈಗಿಂತ ಉದ್ದವಾದ ರೆಕ್ಕೆ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು. ರೆಕ್ಕೆಗೆ ಆರ್ಗಾಂಜಾ ಬಟ್ಟೆಯ ಚೂರನ್ನು ಓರೆಗೆ ಕತ್ತರಿಸಿ, ಅಂಚನ್ನು ಅಗರಬತ್ತಿಯ ಕೆಂಡಕ್ಕೆ ತಾಗಿಸಿದರೆ ಎಳೆ ಬಿಡುವುದಿಲ್ಲ. ಪಾಲಿಯೆಸ್ಟರ್ ಆರ್ಗಾಂಜಾ ಆಗಬೇಕು, ರೇಷ್ಮೆಯದ್ದು ಕರಗುವುದಿಲ್ಲ, ಸುಟ್ಟು ಕರಿಯಾಗುತ್ತದೆ. ರೆಕ್ಕೆ ಸ್ವಲ್ಪ ಮುರಿದಂತೆ ಒಂದು ಕಡೆಗೆ ವಾಲಿರಬೇಕು. ನೆಟ್ಟಗಿರುವ ಹುಳುವನ್ನು ಮೀನು ನೋಡಿ ಬಿಡುತ್ತದೆ, ವಾಲಿದ್ದನ್ನು ನುಂಗುತ್ತದೆ. ಬೇರೆ ದಿನಗಳಲ್ಲಿ ಅದು ಹುಳುವನ್ನು ತುಟಿಯಲ್ಲಿ ಹೀರಿ ಉಗುಳುವ ಜಾತಿ, ಲೈನಿನ ತುದಿ ಚೂರು ನಿಂತಿತೆಂದರೆ ರಾಡ್ ಎತ್ತಬೇಕು. ಗೆದ್ದಲಿನ ದಿನ ಆ ನಾಜೂಕು ಬೇಡ.

ಸಿಕ್ಕ ಮೇಲೆ ಚಪ್ಪಟೆ ಮೈಯನ್ನು ನೀರಿಗೆ ಅಡ್ಡಲಾಗಿ ಕೊಟ್ಟು ಸುತ್ತು ಹೊಡೆಯುತ್ತದೆ. ಬ್ಲೂಗಿಲ್ ಕೂಡ ಹೀಗೇ ಎಂದು ತಮ್ಮ ಹೇಳುತ್ತಾನೆ. ಮಹಶೀರ್‌ಗೆ ಮಾಡಿದ ದಪ್ಪ ರಾಡಿನಲ್ಲಿ ಇದು ತಿಳಿಯುವುದೇ ಇಲ್ಲ. ನನ್ನ ಮೂರನೇ ನಂಬರು ಹಿಡಿಕೆಯವರೆಗೆ ಬಾಗುತ್ತದೆ. ಹಿಡಿಯುವಾಗ ಅಂಗೈಯನ್ನು ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಬೆನ್ನಿನ ಮುಳ್ಳನ್ನು ಮಲಗಿಸಬೇಕು. ದಡದ ಕೆಸರಿನಲ್ಲಿ ತಟ್ಟೆಯಗಲದ ಗುಂಡಿ ತೋಡಿ ಕಾಯುವ ಗಂಡು ಮೀನುಗಳ ಗೋಜಿಗೆ ಹೋಗುವುದಿಲ್ಲ. ಅವು ಹಸಿವಿನಿಂದ ಕಚ್ಚುವುದಿಲ್ಲ, ಸಿಟ್ಟಿನಿಂದ ಕಚ್ಚುತ್ತವೆ. ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ಮನೆಗೆ ಒಯ್ದವು ಹುಣಸೆ ರಸ, ಅಚ್ಚ ಖಾರದ ಪುಡಿ, ಮೇಲೆ ಚಿರೋಟಿ ರವೆ ಹಚ್ಚಿಸಿಕೊಂಡು ಕಾವಲಿಗೆ ಹೋಗುತ್ತವೆ. ಚರಂಡಿ ನೀರು ಸೇರುವ ಕೆರೆಯದಾದರೆ ನಾನು ಬಾಯಿಗಿಡುವವಳಲ್ಲ.

ಗುಡುಗು ಕೇಳಿದ ಕೂಡಲೇ ರಾಡನ್ನು ಮಡಚಿಡುತ್ತೇನೆ. ಅದು ಕಾರ್ಬನ್ನಿನದು, ವಿದ್ಯುತ್ತನ್ನು ಹಾಯಿಸುತ್ತದೆ. ತಂತಿಗಳ ಕೆಳಗಂತೂ ಎತ್ತಲೇಬಾರದು.

ಮೊನ್ನೆ ಕುಚ್ಚಿಗೆ ಸೀರೆ ಕೊಡಲು ಬಂದ ಮದುವೆಯ ಹುಡುಗಿ ಮೇಜಿನ ಮೇಲಿದ್ದ ಆರ್ಗಾಂಜಾ ರೆಕ್ಕೆಯ ಗೆದ್ದಲನ್ನು ಕೈಗೆತ್ತಿಕೊಂಡಳು. ‘ಆಂಟಿ, ಎಷ್ಟು ಚೆನ್ನಾಗಿದೆ ಈ ಚಿಟ್ಟೆ! ನನ್ನ ಬ್ಲೌಸಿನ ಬೆನ್ನಿನ ದಾರಕ್ಕೆ ಇದನ್ನೇ ಕಟ್ಟಿಕೊಡಿ’ ಎಂದಳು. ಕೊಕ್ಕೆಯಿಲ್ಲದೆ, ತಾಮ್ರದ ತಂತಿಯ ಮೇಲೆ, ಸ್ವಲ್ಪ ದೊಡ್ಡದಾಗಿ ಎರಡು ಕಟ್ಟಿದ್ದೇನೆ. ಗೆದ್ದಲು ಎಂದು ಬಾಯಿ ಬಿಟ್ಟಿಲ್ಲ. ಒಂದಕ್ಕೆ ನೂರೈವತ್ತು ರೂಪಾಯಿ ಹೇಳಿದೆ, ಅವಳ ತಾಯಿ ಚೌಕಾಸಿ ಮಾಡಿ ಎರಡಕ್ಕೆ ಇನ್ನೂರೈವತ್ತು ಕೊಟ್ಟರು.