ಷರಾ ಕಾಲಂನ ಒಂದು ಸಾಲು

ಮಂಗಳವಾರ ಸಂಜೆ ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ಕೈ ಹಿಡಿದುಕೊಂಡಳು. ಅವಳಿಗೀಗ 26. ಗಂಡ, ಕೆಲಸ, ಮಗು, ಎಲ್ಲ ವಿಚಾರಿಸಿದ್ದಾಯ್ತು. ಆಮೇಲೆ ಅಂದಳು: "ಟೀಚರ್, ನನಗೆ ಎಡಿಎಚ್‌ಡಿ ಅಂತೆ. ನನ್ನ ಮಾರ್ಕ್ಸ್ ಕಾರ್ಡಲ್ಲಿ ನೀವು ಬರೆದಿದ್ರಲ್ಲ, ಅದನ್ನ ಡಾಕ್ಟರ್ ಜೋರಾಗಿ ಓದಿದ್ರು."

ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದ, ಕೆಲವರಲ್ಲಿ ಕೂತಲ್ಲಿ ಕೂರಲೂ ಆಗದ ತೊಂದರೆ. ಅವಳು ದೂರಲಿಲ್ಲ. ನಗುತ್ತಲೇ ಹೇಳಿದಳು. ಅದೇ ನನ್ನನ್ನು ಇಷ್ಟು ದಿನ ಕಾಡುತ್ತಿರುವುದು.

ದೊಡ್ಡವರಿಗೆ ಈ ತೊಂದರೆ ಇದೆ ಅನ್ನಬೇಕಾದರೆ, ಅದರ ಲಕ್ಷಣ 12 ವರ್ಷಕ್ಕೆ ಮೊದಲೇ ಇತ್ತಾ ಅಂತ ವೈದ್ಯರು ನೋಡುತ್ತಾರೆ. ಅದಕ್ಕೇ ಶಾಲೆಯ ಹಳೆಯ ಕಾಗದ ಕೇಳಿದ್ದಾರೆ. ಅವಳ ಅಮ್ಮ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. ನಾಲ್ಕು, ಐದು, ಆರನೇ ಕ್ಲಾಸು. ಷರಾ ಕಾಲಂನಲ್ಲಿ ಮೂರು ವರ್ಷವೂ ನನ್ನದೇ ಕೈಬರಹ, ಅದೇ ಮಾತು: 'ಸಾಧು ಹುಡುಗಿ. ಗಮನ ಕೊಟ್ಟರೆ ಇನ್ನೂ ಚೆನ್ನಾಗಿ ಓದಬಲ್ಲಳು.'

ಗಮನ ಕೊಟ್ಟರೆ! ಅದೇ ತಾನೇ ಅವಳ ಕೈಯಲ್ಲಿ ಇಲ್ಲದಿದ್ದದ್ದು? ತೊಂದರೆಯ ಹೆಸರೊಂದನ್ನು ಬಿಟ್ಟು ಉಳಿದದ್ದನ್ನು ನಾನೇ ಬರೆದಿಟ್ಟಿದ್ದೆ.

ಅದೇ ಕ್ಲಾಸಿನಲ್ಲಿ ಒಬ್ಬ ಹುಡುಗ ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ. ಅವನ ಅಪ್ಪ ಅಮ್ಮನನ್ನು ಮೂರು ಸಲ ಕರೆಸಿ, ಡಾಕ್ಟರ್‌ಗೆ ತೋರಿಸಿ ಅಂದಿದ್ದೆ. ತೋರಿಸಿದರು, ಅವನಿಗೆ ಸಹಾಯ ಸಿಕ್ಕಿತು. ಇವಳು ಕಿಟಕಿ ಪಕ್ಕ ಜಡೆ ತುದಿ ಕಚ್ಚುತ್ತಾ ಕೂತಿರುತ್ತಿದ್ದಳು. ಹೆಸರು ಕರೆದರೆ ಬೆಚ್ಚಿಬೀಳುವಳು. ಲೆಕ್ಕ ಅರ್ಧಕ್ಕೇ ನಿಂತಿರುವುದು. ಯಾರಿಗೂ ತೊಂದರೆ ಕೊಡಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಹೆಣ್ಣುಮಕ್ಕಳಲ್ಲಿ ಗಲಾಟೆಗಿಂತ ಗಮನ ಜಾರುವುದೇ ಜಾಸ್ತಿ ಕಾಣುತ್ತದೆ. ಓಡಾಟವಿಲ್ಲದೆಯೂ ಈ ತೊಂದರೆ ಇರಬಹುದು ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲೇ ಬರೆದಿತ್ತು. ನಾನು ಟಿಸಿಎಚ್ (ಶಿಕ್ಷಕರ ತರಬೇತಿ) ಓದಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ನಮಗೆ ಯಾರೂ ಹೇಳಿಕೊಡಲಿಲ್ಲ.

ಗೆಳತಿಯ ನೋಟ್ಸ್ ತಂದು ರಾತ್ರಿ ಹನ್ನೊಂದರ ತನಕ ಬರೆಯುತ್ತಿದ್ದಳಂತೆ, ಬೆಳಗ್ಗೆ ನನ್ನ ಬೈಗುಳ ತಪ್ಪಲಿ ಅಂತ. ಮದುವೆಯಾದ ಮೇಲೆ ಹಾಲು ಉಕ್ಕುವುದು, ಕರೆಂಟ್ ಬಿಲ್ ಮರೆಯುವುದು, ಮಗುವಿಗೆ ಲಸಿಕೆ ಹಾಕಿಸುವ ದಿನ ತಪ್ಪುವುದು. "ಹೆಣ್ಣಾಗಿ ಇಷ್ಟೂ ಗೊತ್ತಾಗಲ್ವಾ?" ಅಂತ ಅತ್ತೆ. ಆ ಅತ್ತೆಯನ್ನು ನಾನು ನೋಡಿಲ್ಲ. ಆದರೂ ಸಿಟ್ಟು ಬಂತು. ಗಂಡ ದಿನಾ ಬೈಕ್ ಕೀ ಮರೆಯುತ್ತಾನೆ, ಹುಡುಕಿಕೊಡಬೇಕಾದವಳು ಇವಳೇ. ಮನೆಮಂದಿಯ ನೆನಪನ್ನೆಲ್ಲ ಒಬ್ಬಳೇ ಹೊರಬೇಕು ಅಂತ ಯಾರು ಮಾಡಿಟ್ಟರು? ಎರಡು ವರ್ಷ ಬರೀ ಆತಂಕಕ್ಕೆ ಮಾತ್ರೆ ನುಂಗಿದ ಮೇಲೆ ನಿಜ ಗೊತ್ತಾಗಿದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಇನ್ನೂ ಕಷ್ಟವಂತೆ. ಹಾರ್ಮೋನುಗಳ ಏರಿಳಿತ ಗಮನವನ್ನೂ ಅಲ್ಲಾಡಿಸುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ.

"ನಾನು ಸೋಮಾರಿ ಅಲ್ಲ ಟೀಚರ್." ಎರಡು ಸಲ ಹೇಳಿದಳು. ನಾನು ಹಾಗೆ ಅಂದಿರಲೇ ಇಲ್ಲ. ಆದರೆ ಗಮನ ಕೊಟ್ಟರೆ ಅಂತ ಬರೆದದ್ದು ಒಂಬತ್ತು ವರ್ಷದ ಮಗುವಿಗೆ ಹೇಗೆ ಕೇಳಿಸಿರಬೇಕು?

ನಿನ್ನೆ ಐದನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮನನ್ನು ಕರೆಸಿದೆ. ಮಂಡಕ್ಕಿ ಭಟ್ಟಿಯ ಕೆಲಸ ಬಿಟ್ಟು ಓಡಿ ಬಂದಿದ್ದರು.

"ಏನ್ ಗಲಾಟೆ ಮಾಡಿದ್ಲು ಟೀಚರ್?"

"ಏನೂ ಮಾಡಿಲ್ಲಮ್ಮಾ."

"ಮತ್ಯಾಕೆ ಕರೆಸಿದ್ರಿ?"

ಅವರಿಗೆ ಕುರ್ಚಿ ಕೊಟ್ಟು, ಮಗಳ ಲೆಕ್ಕದ ನೋಟ್‌ಬುಕ್ ತೆಗೆದೆ.