ಎಷ್ಟು ವಿದ್ಯಾರ್ಥಿಗಳಿದ್ದಾರೆ?

ಹೊಸ ಕುಲಪತಿ ಬಂದ ಮೇಲೆ ನಡೆದ ಮೊದಲ ದೊಡ್ಡ ಮೀಟಿಂಗ್ ಅದು. ಅವರು ಕೇಳಿದ್ದು ಸರಳ ಪ್ರಶ್ನೆ: ‘ನಮ್ಮಲ್ಲಿ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ?’ ಪ್ರವೇಶ ವಿಭಾಗದವರು ಒಂದು ಸಂಖ್ಯೆ ಹೇಳಿದರು. ಹಣಕಾಸು ವಿಭಾಗದ್ದು ಅದಕ್ಕಿಂತ ಕಡಿಮೆ, ಪರೀಕ್ಷಾ ವಿಭಾಗದ್ದು ಎರಡಕ್ಕಿಂತಲೂ ಜಾಸ್ತಿ. ಎಲ್ಲರೂ ನನ್ನ ಕಡೆ ನೋಡಿದರು. ಸಂಸ್ಥೆಯ ಬಗ್ಗೆಯೇ ಅಧ್ಯಯನ ಮಾಡಿ ಅಂಕಿಅಂಶ ಕೊಡುವ ವಿಭಾಗ ನಮ್ಮದು ಅಲ್ವಾ.

ಮೂರು ಲೆಕ್ಕವೂ ಸರಿಯೇ ಇತ್ತು. ಪ್ರವೇಶದವರು ಸೀಟು ಒಪ್ಪಿಕೊಂಡವರನ್ನೆಲ್ಲ ಎಣಿಸಿದ್ದರು. ಹಣಕಾಸಿನವರು ಶುಲ್ಕ ಕಟ್ಟಿದವರನ್ನು ಮಾತ್ರ. ಪರೀಕ್ಷೆಯವರು ಎಣಿಸಿದ್ದು ನೋಂದಣಿಗಳನ್ನು, ಹಾಗಾಗಿ ಎರಡು ಕೋರ್ಸ್ ಮಾಡುವವರು ಎರಡು ಸಲ ಬಂದಿದ್ದರು, ಹಳೆಯ ಪೇಪರ್ ಬಾಕಿ ಇದ್ದವರೂ ಸೇರಿಕೊಂಡಿದ್ದರು. ಇನ್ನು ಅರೆಕಾಲಿಕ ವಿದ್ಯಾರ್ಥಿಗಳಿದ್ದಾರೆ. ಅವರನ್ನು ತಲೆಗೊಂದರಂತೆ ಎಣಿಸಬೇಕಾ, ಇಲ್ಲ ಅವರು ತೆಗೆದುಕೊಂಡ ಕ್ರೆಡಿಟ್ ಕೂಡಿಸಿ ಎಷ್ಟು ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಮ ಅಂತ ನೋಡಬೇಕಾ? ಗುರುತಿನ ಚೀಟಿ ಮಾಡಿಸೋಕೆ ಮೊದಲನೆಯದು ಬೇಕು, ಎಷ್ಟು ಅಧ್ಯಾಪಕರು ಬೇಕು ಅಂತ ತೀರ್ಮಾನಿಸೋಕೆ ಎರಡನೆಯದು. ಯಾವ ತಾರೀಖಿನ ಲೆಕ್ಕ ಅನ್ನೋದೂ ಅಷ್ಟೇ ಮುಖ್ಯ. ತರಗತಿ ಶುರುವಾದ ದಿನ ಇದ್ದವರೆಲ್ಲ ಒಂದು ತಿಂಗಳಾದ ಮೇಲೆ ಇರುವುದಿಲ್ಲ.

ಈ ವ್ಯತ್ಯಾಸಗಳನ್ನೆಲ್ಲ ನೆನಪಿಟ್ಟುಕೊಂಡು ಪ್ರತಿ ವರ್ಷ ಹೊಂದಿಸುತ್ತಿದ್ದವರು ನಮ್ಮ ವಿಭಾಗದ ಅನಲಿಸ್ಟ್. ಆ ಮೀಟಿಂಗ್ ಹೊತ್ತಿಗೆ ಅವರು ಕೆಲಸ ಬಿಟ್ಟು ಹೋಗಿದ್ದರು. ವರ್ಷ ವರ್ಷ ರಿನ್ಯೂ ಆಗುವ ಕಾಂಟ್ರಾಕ್ಟ್ ಅವರದ್ದು. ಡೇಟಾಬೇಸ್ ಕೆಲಸ ಚೆನ್ನಾಗಿ ಬರುವವರಿಗೆ ಹೊರಗಿನ ಕಂಪನಿಗಳಲ್ಲಿ ಒಳ್ಳೆ ಸಂಬಳ ಸಿಗುತ್ತದೆ, ನಾವು ಕೊಡುತ್ತಿದ್ದದ್ದು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅವರ ಮೇಲೆ ನನಗೆ ಒಂಚೂರೂ ಬೇಸರವಿಲ್ಲ. ಬೇಸರ ಇರುವುದು ಅವರ ಕೆಲಸದ ಬೆಲೆ ಅವರು ಹೋಗುವ ತನಕ ಯಾರಿಗೂ ಕಾಣಲಿಲ್ಲವಲ್ಲ ಅನ್ನೋದಕ್ಕೆ.

ನಮ್ಮ ಕೆಲಸಕ್ಕೆ ಬೇಕಾದ ತಿಳಿವಳಿಕೆಯನ್ನು ಅಮೆರಿಕದ ಉನ್ನತ ಶಿಕ್ಷಣ ಸಂಶೋಧಕ ಪ್ಯಾಟ್ರಿಕ್ ಟೆರೆಂಜಿನಿ 1993ರಲ್ಲಿ ಮೂರು ಹಂತವಾಗಿ ವಿಂಗಡಿಸಿದ್ದರು. ಲೆಕ್ಕ, ವಿಶ್ಲೇಷಣೆಯ ಕೌಶಲ ಒಂದು. ಉನ್ನತ ಶಿಕ್ಷಣದ ಸಮಸ್ಯೆಗಳು, ಆಡಳಿತ ತೀರ್ಮಾನ ತೆಗೆದುಕೊಳ್ಳುವ ರೀತಿ ಗೊತ್ತಿರುವುದು ಇನ್ನೊಂದು. ಮೂರನೆಯದು ಈ ಸಂಸ್ಥೆ, ಇದರ ಹಿನ್ನೆಲೆ, ಇಲ್ಲಿಯ ಜನ, ಇಲ್ಲಿ ಕೆಲಸ ನಡೆಯುವ ಬಗೆ ಗೊತ್ತಿರುವುದು. ಮೊದಲನೆಯದನ್ನು ಜಾಹೀರಾತು ಕೊಟ್ಟು ನೇಮಿಸಿಕೊಳ್ಳಬಹುದು. ಮೂರನೆಯದು ವರ್ಷಗಟ್ಟಲೆ ಇಲ್ಲೇ ಇದ್ದವರಿಗೆ ಮಾತ್ರ ಬರುತ್ತದೆ, ಅವರು ಹೋದರೆ ಅವರ ಜೊತೆಗೇ ಹೋಗುತ್ತದೆ.

ಮೀಟಿಂಗ್‌ನಲ್ಲಿ ಹಿರಿಯರೊಬ್ಬರು, ‘ಒಂದು ಒಳ್ಳೆ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ತರಿಸಿಬಿಡೋಣ, ಎಲ್ಲ ಸರಿಹೋಗುತ್ತೆ’ ಅಂದರು. ಆಗ ನಾನು ಸುಮ್ನೆ ಕೂರಲಿಲ್ಲ, ಕುಲಪತಿಯವರ ಕಡೆ ತಿರುಗಿದೆ. ‘ಮೇಡಂ, ಸಾಫ್ಟ್‌ವೇರ್ ನಾವು ಕೊಟ್ಟ ಪಟ್ಟಿಯನ್ನೇ ಎಣಿಸುತ್ತೆ. ಯಾರನ್ನು ವಿದ್ಯಾರ್ಥಿ ಅಂತ ಕರೆಯಬೇಕು ಅನ್ನೋದನ್ನು ನೀವೇ ತೀರ್ಮಾನ ಮಾಡಬೇಕು’ ಅಂದೆ. ಅಮೆರಿಕದ ಉದಾಹರಣೆ ಕೊಟ್ಟೆ. ಅಲ್ಲಿ 1990ರ ಕಾನೂನಿನ ನಂತರ ಕಾಲೇಜುಗಳು ಪದವಿ ಮುಗಿಸಿದವರ ಪ್ರಮಾಣ ತಿಳಿಸಬೇಕಾಯಿತು, ಆದರೆ ಆ ಲೆಕ್ಕಕ್ಕೆ ಬರುತ್ತಿದ್ದದ್ದು ಮೊದಲ ಸಲ ಕಾಲೇಜಿಗೆ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳು ಮಾತ್ರ. ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರು, ಅರೆಕಾಲಿಕವಾಗಿ ಓದುವವರು ಓದಿ ಮುಗಿಸಿದರೂ ಆ ಸಂಖ್ಯೆಯಲ್ಲಿ ಕಾಣುತ್ತಿರಲಿಲ್ಲ. ಅವರನ್ನೂ ಸೇರಿಸಿ ಕೇಳುವ ಸರ್ವೆ ಶುರುವಾಗಿದ್ದು 2015-16ರಲ್ಲಿ. ಕೆಲಸ ಮಾಡಿಕೊಂಡೇ ಓದಿದ ಅಷ್ಟೊಂದು ಜನ ಅಷ್ಟು ವರ್ಷ ಲೆಕ್ಕಕ್ಕೇ ಸಿಗಲಿಲ್ಲ ಅನ್ನೋದು ನನಗೆ ಈಗಲೂ ಸಂಕಟ ಕೊಡುತ್ತದೆ.

ಕುಲಪತಿ ಪೂರ್ತಿ ಕೇಳಿಸಿಕೊಂಡರು. ಅದು ದೊಡ್ಡ ವಿಷಯ, ಯಾಕಂದ್ರೆ ಮೇಲಿನವರಿಗೆ ಒಂದೇ ಸಾಲಿನ ಉತ್ತರ ಬೇಕಾಗಿರುತ್ತದೆ, ‘ಯಾವುದಕ್ಕಾಗಿ ಕೇಳ್ತಿದ್ದೀರಿ?’ ಅಂತ ನಾವು ತಿರುಗಿ ಕೇಳಿದರೆ ನೆಪ ಹೇಳುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಇವರು ಹಾಗೆ ಮಾಡಲಿಲ್ಲ. ಮೂರೂ ವಿಭಾಗದ ಮುಖ್ಯಸ್ಥರನ್ನು ನನ್ನ ಜೊತೆ ಕೂರಿಸಿದರು. ಪ್ರತಿ ಸೆಮಿಸ್ಟರ್‌ಗೆ ಒಂದು ಎಣಿಕೆ ತಾರೀಖು ಗೊತ್ತು ಮಾಡಿದೆವು. ಆ ದಿನದ ಡೇಟಾದ ಒಂದು ಪ್ರತಿ ತೆಗೆದಿಟ್ಟು ಆಮೇಲೆ ಯಾರೂ ಮುಟ್ಟಬಾರದು ಅಂತ ಒಪ್ಪಿಕೊಂಡೆವು. ಯಾವ ವರದಿಗೆ ಯಾವ ಲೆಕ್ಕ ಅನ್ನೋದನ್ನು ಬರೆದು ಎಲ್ಲರೂ ಸಹಿ ಹಾಕಿದರು. ವಾದ ಬೇಕಾದಷ್ಟಾಯಿತು, ಅದರಲ್ಲೂ ಶುಲ್ಕ ಕಟ್ಟೋಕೆ ಸಮಯ ಕೇಳಿದ ಮಕ್ಕಳ ವಿಷಯದಲ್ಲಿ. ಅವರೂ ತರಗತಿಯಲ್ಲಿ ಕೂತಿದ್ದಾರೆ, ಅವರಿಗೂ ಪಾಠ ಆಗಬೇಕು, ಬಿಡೋಕಾಗಲ್ಲ ಅಂತ ನಾನು ಹಟ ಹಿಡಿದೆ. ಕೊನೆಗೆ ಅವರು ಪಟ್ಟಿಯಲ್ಲಿ ಉಳಿದರು.

ಖಾಲಿಯಾದ ಜಾಗಕ್ಕೆ ಈಗ ಒಬ್ಬ ಹುಡುಗ ಬಂದಿದ್ದಾನೆ, ತುಂಬಾ ಚುರುಕು. ಡೇಟಾಬೇಸ್‌ನಿಂದ ಲೆಕ್ಕ ತೆಗೆಯೋಕೆ ಬರೆಯುವ ಪ್ರತಿ ಕ್ವೆರಿಯ ಪಕ್ಕದಲ್ಲೂ ಇದನ್ನು ಯಾಕೆ ಹೀಗೆ ಬರೆದೆ ಅಂತ ಟಿಪ್ಪಣಿ ಹಾಕಿಡಲು ಹೇಳಿದ್ದೇನೆ, ಹಾಕುತ್ತಿದ್ದಾನೆ. ಆದರೆ ಅವನದ್ದೂ ಕಾಂಟ್ರಾಕ್ಟೇ. ಹುದ್ದೆ ಖಾಯಂ ಮಾಡಿ ಅಂತ ಕಳಿಸಿದ ಫೈಲ್ ಇನ್ನೂ ಹಣಕಾಸು ವಿಭಾಗದಲ್ಲಿದೆ. ಅವನ ರಿನ್ಯೂವಲ್ ತಾರೀಖು ಬರುವ ಮೊದಲು ಅದಕ್ಕೆ ಸಹಿ ಬೀಳಬೇಕು, ಮೇಡಂಗೆ ಮತ್ತೆ ಜ್ಞಾಪನ ಕಳಿಸಿದ್ದೇನೆ.