ಕೋಟೆಯೊಳಗೆ ನೀರು ಎಲ್ಲಿಂದ ಬರ್ತಿತ್ತು? ಚಿತ್ರದುರ್ಗದಿಂದ ವಿಜಯಪುರದ ತನಕ ಎರಡು ಬೈಕು, ನಾಲ್ಕು ಜನ

ಲಾಂಗ್ ವೀಕೆಂಡ್‌ನಲ್ಲಿ ಹಂಪಿಗೆ ಹೋಗುವ ಯೋಚನೆ ಇದ್ದರೆ ಮೊದಲು ಹೊಸಪೇಟೆಯ ರೂಮಿನ ಕಥೆ ಕೇಳಿ. ನಾವು ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದ ಲಾಡ್ಜಿನ ಫೋಟೋದಲ್ಲಿ ಒಂದು ಕಾಂಪೌಂಡ್ ಇತ್ತು, ಒಳಗೆ ಸಾಲಾಗಿ ಬೈಕು ನಿಲ್ಲಿಸಿದ್ದರು, ಪಕ್ಕದಲ್ಲೊಂದು ಬೇವಿನ ಮರ. ಹೋಗಿ ನೋಡಿದರೆ ಮರವೂ ಇಲ್ಲ, ಕಾಂಪೌಂಡೂ ಇಲ್ಲ. ಕೌಂಟರ್‌ನಲ್ಲಿದ್ದವನು ತಲೆ ಎತ್ತದೆ "ರೋಡಲ್ಲೇ ನಿಲ್ಸಿ ಸಾರ್, ಯಾರೂ ಮುಟ್ಟಲ್ಲ" ಅಂದ. ಮುಟ್ಟಬಾರದು ಅಂತಿದ್ದರೆ ಎದುರಿನ ಖಾಲಿ ಸೈಟಿನಲ್ಲಿ ಬೈಕಿಗೆ ಇಷ್ಟು ಅಂತ ರಾತ್ರಿ ಬಾಡಿಗೆ. ಮಗಳಿಗೆ ಹಾಸಿಗೆ ಬೇಕಾದರೆ ಅದಕ್ಕೆ ಬೇರೆ. ಆಮೇಲೆ ನಾಲ್ಕು ಜನಕ್ಕೆ ಒಂದು ರೂಮ್ ಕೊಡೋದೇ ಇಲ್ಲ, ಎರಡು ತಗೊಳ್ಳಿ ಅಂತ ಹೊಸ ರಾಗ. ಕತ್ತಲಾಗಿತ್ತು, ಎಲ್ಲ ಕಡೆ ಫುಲ್, ಅವನಿಗೂ ಅದು ಗೊತ್ತಿತ್ತು. ಕೊಟ್ಟೆವು. ಕಿಟಕಿ ತೆಗೆದರೆ ಕೆಳಗಿನ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ರಾತ್ರಿಯೆಲ್ಲ ಹಾಸಿಗೆಗೆ ಗೋಬಿ ಮಂಚೂರಿ ವಾಸನೆ. ಬಿಸಿನೀರು ಬೆಳಗ್ಗೆ ಆರರಿಂದ ಏಳು, ಅದೂ ಬಕೆಟ್ ನಾವೇ ಹೊತ್ತುಕೊಂಡು ಬರಬೇಕು.

ಹಾಗಾಗಿ ಬುಕ್ ಮಾಡುವ ಮುಂಚೆ ಫೋನ್ ಮಾಡಿ, ಬೈಕು ಗೇಟಿನ ಒಳಗೆ ನಿಲ್ಲುತ್ತಾ, ಮಗುವಿಗೆ ಎಕ್ಸ್‌ಟ್ರಾ ಎಷ್ಟು ಅಂತ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಹಾಕಿಸಿಕೊಳ್ಳಿ. ಇಲ್ಲಾಂದ್ರೆ ಹೊಸಪೇಟೆಯ ಸಹವಾಸವೇ ಬೇಡ, ಕಮಲಾಪುರದಲ್ಲೋ ಆನೆಗೊಂದಿಯಲ್ಲೋ ಮನೆಗಳಲ್ಲಿ ರೂಮ್ ಕೊಡುತ್ತಾರೆ, ಅಂಗಳದಲ್ಲೇ ಗಾಡಿ ನಿಲ್ಲಿಸಬಹುದು. ಮಾರನೇ ದಿನ ನಾವು ಅದನ್ನೇ ಮಾಡಿದೆವು.

ಇನ್ನು ನಾವು ಯಾಕೆ ಹೊರಟೆವು ಅಂತ ಹೇಳಲೇಬೇಕು, ಯಾಕೆಂದರೆ ನಾನು ಹೇಳುವ ಜಾಗಗಳೆಲ್ಲ ಅದರ ಮೇಲೇ ನಿಂತಿವೆ. ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅಚ್ಚಾಗಿಲ್ಲ, ಮುಗಿದೂ ಇಲ್ಲ. ಬೆಟ್ಟದ ಮೇಲೊಂದು ಕೋಟೆ, ಸುತ್ತ ಶತ್ರುಗಳ ಮುತ್ತಿಗೆ, ಒಳಗೆ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡ ಜನ. ಹೆಂಡತಿ ಮೊದಲ ಭಾಗ ಓದಿ ಮಾಂತ್ರಿಕರ ಬಗ್ಗೆ ಒಂದು ಮಾತೂ ಆಡದೆ ಕೇಳಿದ್ದು ಇಷ್ಟೇ: "ಇವರೆಲ್ಲ ನೀರು ಎಲ್ಲಿಂದ ಕುಡೀತಾರೆ ರೀ?" ಅದನ್ನು ನೋಡಿಕೊಂಡು ಬರೋಣ ಅಂತ ಹೊರಟಿದ್ದು. ನನ್ನ ಕ್ಲಾಸಿಕ್ 350ಯಲ್ಲಿ ನಾನು, ಅವಳು. ತಮ್ಮನ ಯೂನಿಕಾರ್ನ್‌ನಲ್ಲಿ ಅವನು, ನನ್ನ ಮಗಳು. ಒಂದೇ ಬೈಕಿನಲ್ಲಿ ಮಗುವನ್ನು ಮಧ್ಯೆ ಕೂರಿಸಿಕೊಂಡು ಹೋಗುವವರಿಗೆ ಒಂದು ಮಾತು: ನಾಲ್ಕು ವರ್ಷ ದಾಟಿದ ಮಗು ಕಾನೂನಿನ ಲೆಕ್ಕದಲ್ಲಿ ಒಬ್ಬ ಸವಾರನೇ, ಅಂದರೆ ಅದು ಟ್ರಿಪಲ್ ರೈಡಿಂಗ್. ಮಕ್ಕಳ ಅಳತೆಯ ಹೆಲ್ಮೆಟ್ ಬೆಂಗಳೂರಲ್ಲೇ ಕೊಂಡುಬಿಡಿ, ದೊಡ್ಡವರ ಹೆಲ್ಮೆಟ್‌ಗೆ ಟವೆಲ್ ತುರುಕಿದರೆ ಏನೂ ಉಪಯೋಗವಿಲ್ಲ.

ಬೆಂಗಳೂರಿನಿಂದ ಚಿತ್ರದುರ್ಗ ಸುಮಾರು 200 ಕಿಲೋಮೀಟರ್, ಹೆದ್ದಾರಿ ಚೆನ್ನಾಗಿದೆ, ಬೇಜಾರು ಹಿಡಿಸುವಷ್ಟು ಚೆನ್ನಾಗಿದೆ. ಬೈಕಿಗೆ ಟೋಲ್ ಇಲ್ಲ, ಎಡಗಡೆ ಸಣ್ಣ ದಾರಿಯಲ್ಲಿ ಹೋಗಬೇಕು, ಅಲ್ಲಿ ಯಾವಾಗಲೂ ಮರಳು ಬಿದ್ದಿರುತ್ತದೆ, ನಿಧಾನ. ಹಿರಿಯೂರು ದಾಟಿದ ಮೇಲೆ ಗಾಳಿ ಶುರು. ಗುಡ್ಡಗಳ ಮೇಲೆ ಸುಮ್ನೆ ಅಷ್ಟೊಂದು ಗಾಳಿಯಂತ್ರ ನೆಟ್ಟಿಲ್ಲ ಅಂತ ಪಕ್ಕದಲ್ಲಿ ಲಾರಿ ಹೋದಾಗೆಲ್ಲ ಗೊತ್ತಾಗುತ್ತದೆ.

ಕೋಟೆಯಲ್ಲಿ ಎಲ್ಲರೂ ನೇರ ಒನಕೆ ಓಬವ್ವನ ಕಿಂಡಿಗೇ ಓಡುತ್ತಾರೆ. ನೋಡಬೇಕಾದದ್ದೇ, ಆದರೆ ಅಲ್ಲಿ ಸೆಲ್ಫಿಗೆ ಕ್ಯೂ. ನೀವು ಅಲ್ಲಿಂದ ಗೋಪಾಲಸ್ವಾಮಿ ಹೊಂಡಕ್ಕೆ, ಅಕ್ಕ ತಂಗಿ ಹೊಂಡಕ್ಕೆ ನಡೆಯಿರಿ. ಬಂಡೆ ಮೇಲೆ ಬಿದ್ದ ಮಳೆ ನೀರು ಮೇಲಿನ ಹೊಂಡ ತುಂಬಿ, ಉಕ್ಕಿದ್ದು ಕೆಳಗಿನ ಹೊಂಡಕ್ಕೆ ಹರಿಯುತ್ತದೆ. ಬಂಡೆಯಲ್ಲೇ ಕೊರೆದ ಕಾಲುವೆಯನ್ನು ಬೆರಳಲ್ಲಿ ಸವರಿ ನೋಡಬಹುದು. ಬಾಗಿಲುಗಳೂ ಅಷ್ಟೇ, ಒಂದಕ್ಕೊಂದು ನೇರ ಇಲ್ಲ, ದಾರಿ ತಿರುಗಿ ತಿರುಗಿ ಹೋಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ. ಹೈದರ್ ಅಲಿಗೆ ಕೋಟೆ ಸಿಕ್ಕಿದ್ದು 1779ರಲ್ಲಿ, ಅದಕ್ಕೂ ಮುಂಚೆ ಬಂದು ಬರಿಗೈಲಿ ವಾಪಸ್ ಹೋಗಿದ್ದ. ಹೊಂಡದ ದಡದಲ್ಲಿ ಕೂತರೆ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಒಂದು ಗಂಟೆ ಕೂತೆವು, ನಮ್ಮನ್ನು ಬಿಟ್ಟರೆ ಇಬ್ಬರೋ ಮೂವರೋ ಹುಡುಗರು. ಮಗಳು ತಮ್ಮನ ಜೊತೆ ಸೇರಿ ನನ್ನ ಕೋಟೆಗೆ ಎಷ್ಟು ಹೊಂಡ ಬೇಕು ಅಂತ ಲೆಕ್ಕ ಹಾಕಿದಳು. ಜಗಳವೂ ಆಯಿತು.

ಹಂಪಿಯಲ್ಲೂ ಇದೇ ನನ್ನ ಸಲಹೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಆ ರಜೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಬ್ಯಾಟರಿ ಗಾಡಿಗೆ ಕಾದಿದ್ದೇ ಜಾಸ್ತಿ. ನನಗೆ ಬಿಸಿಲು, ಧೂಳು, ಕೆಟ್ಟ ರಸ್ತೆ ಎಲ್ಲ ನಡೆಯುತ್ತದೆ. ಜನಜಂಗುಳಿ ಒಂದು ಆಗಲ್ಲ. ನಿಮಗೆ ತೊಂದರೆ ಇಲ್ಲದಿದ್ದರೆ ಹೋಗಿ. ನಾವು ಅರ್ಧಕ್ಕೇ ಹೊರಟು ರಾಜರ ಆವರಣದ ಮೆಟ್ಟಿಲ ಪುಷ್ಕರಣಿಗೆ ಬಂದೆವು. 1980ರ ದಶಕದಲ್ಲಿ ಅಗೆಯುವಾಗ ಸಿಕ್ಕಿದ್ದು. ಕಪ್ಪು ಕಲ್ಲಿನ ಮೆಟ್ಟಿಲುಗಳ ಮೇಲೆ, ಯಾವ ದಿಕ್ಕು, ಎಷ್ಟನೇ ಸಾಲು, ಎಷ್ಟನೇ ಕಲ್ಲು ಅಂತ ಗುರುತು ಕೆತ್ತಿದ್ದಾರೆ, ಎಲ್ಲೋ ಕೆತ್ತಿ ಇಲ್ಲಿಗೆ ತಂದು ಜೋಡಿಸಿದ್ದು. ನೀರು ಬರುತ್ತಿದ್ದದ್ದು ಕಲ್ಲುಕಂಬಗಳ ಮೇಲೆ ಹಾಸಿದ ಕಲ್ಲಿನ ಕಾಲುವೆಯಲ್ಲಿ, ಅದೂ ಪಕ್ಕದಲ್ಲೇ ಇದೆ, ಜನ ಅದನ್ನು ಮುರಿದ ಗೋಡೆ ಅಂದುಕೊಂಡು ದಾಟಿ ಹೋಗುತ್ತಾರೆ. ಆಮೇಲೆ ಬಾಳೆ ತೋಟಗಳ ನಡುವೆ ತುರ್ತಾ ಕಾಲುವೆ. ವಿಜಯನಗರದವರು ತೋಡಿಸಿದ್ದು, ಈಗಲೂ ಗದ್ದೆಗೆ ನೀರು ಹಾಯಿಸುತ್ತಿದೆ. 1565ರ ಯುದ್ಧದ ನಂತರ ಊರು ಹಾಳಾಯಿತು ಅಂತ ಶಾಲೆಯಲ್ಲಿ ಓದಿದ್ದೆವಲ್ವಾ, ಕಾಲುವೆಗೆ ಯಾರೂ ಹೇಳಲಿಲ್ಲ ಅನ್ನಿಸುತ್ತೆ.

ಗಲಾಟೆ ಇದ್ದರೂ ಹೋಗಲೇಬೇಕಾದದ್ದು ಒಂದೇ. ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲೆ ಕೋಣೆ. ಗೋಡೆಯ ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ ಹೊರಗಿನ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಮಗಳು ಚಿಕ್ಕಪ್ಪನ ಬಿಳಿ ಕರವಸ್ತ್ರ ಕಿತ್ತುಕೊಂಡು ಅದರ ಮೇಲೆ ಗೋಪುರ ಹಿಡಿದಳು. ಇದನ್ನು ಕಾದಂಬರಿಯಲ್ಲಿ ಹಾಕಿದರೆ ಓದುವವರು ನಂಬಲ್ಲ.

ಬಾದಾಮಿಗೆ ಕುಷ್ಟಗಿ ತನಕ ಹೆದ್ದಾರಿ, ಅಲ್ಲಿಂದ ಗಜೇಂದ್ರಗಡ, ರೋಣದ ಕಡೆಯಿಂದ ಹೋದೆವು. ನನ್ನ ಗಾಡಿಗೆ ಸ್ಪೋಕ್ ಚಕ್ರ, ಟ್ಯೂಬ್ ಟಯರ್, ಪಂಕ್ಚರ್ ಆಯಿತು. ಅಂಗಡಿಯವನು ಒಂದು ಮೊಳೆ ತೋರಿಸಿ ಮೂರು ಪ್ಯಾಚ್ ಹಾಕಿದ. ಹೊಸ ಟ್ಯೂಬ್ ನೀವೇ ಇಟ್ಟುಕೊಂಡಿರಿ, ಹಾಕುವ ಕೂಲಿ ಕೊಟ್ಟರೆ ಸಾಕು. ಟ್ಯೂಬ್ ನೀರಿನ ಬೋಗುಣಿಯಲ್ಲಿ ಮುಳುಗಿಸುವಾಗ ಪಕ್ಕದಲ್ಲೇ ನಿಂತು ನೋಡಿ, ಟೀ ಕುಡಿಯೋಕೆ ಹೋಗಬೇಡಿ.

ಈಗ ಊಟದ ವಿಷಯ. ಬಾದಾಮಿಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಬನಶಂಕರಿ. ದೇವಸ್ಥಾನದ ಎದುರು ದೊಡ್ಡ ಹೊಂಡ, ಅದರ ಸುತ್ತಲ ಮಂಟಪದ ನೆರಳಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬೋರ್ಡಿಲ್ಲ, ಮೆನು ಇಲ್ಲ. "ಬರ್ರಿ ಅಣ್ಣಾರ, ರೊಟ್ಟಿ ಊಟ ಮಾಡ್ರಿ" ಅಂತ ಕರೆಯುತ್ತಾರೆ, ನೆಲದ ಮೇಲೆ ಕೂತರೆ ಆಯಿತು. ಜೋಳದ ರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿಪುಡಿ, ಕಣ್ಣಲ್ಲಿ ನೀರು ಬರಿಸುವ ಕೆಂಪು ಖಾರ, ಕಚ್ಚೋಕೆ ಹಸಿ ಈರುಳ್ಳಿ. ಮೊಸರು ಪುಟ್ಟ ಮಣ್ಣಿನ ಕುಡಿಕೆಯಲ್ಲಿ, ಕುಡಿಕೆ ತಲೆಕೆಳಗು ಮಾಡಿದರೂ ಬೀಳಲ್ಲ, ಅಷ್ಟು ಗಟ್ಟಿ. ಖಾರಕ್ಕೆ ಮಗಳ ಮುಖ ಕೆಂಪಾಗಿದ್ದು ನೋಡಿ ಆ ಅಜ್ಜಿ ಕೇಳದೆಯೇ ಇನ್ನೊಂದು ಕುಡಿಕೆ ಮೊಸರು ಸುರಿದು "ಉಣ್ಣವ್ವ, ಇದಕ್ಕ ರೊಕ್ಕ ಬ್ಯಾಡ" ಅಂದರು. ತಮ್ಮ ಎಷ್ಟು ರೊಟ್ಟಿ ತಿಂದ ಅಂತ ಅವನಿಗೂ ಗೊತ್ತಿಲ್ಲ, ಅಜ್ಜಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ನಾಲ್ಕು ಜನ ಹೊಟ್ಟೆ ಬಿರಿಯ ಉಂಡಿದ್ದಕ್ಕೆ ಆದದ್ದು ಹೊಸಪೇಟೆಯ ಸೈಟಿನವನು ಒಂದು ರಾತ್ರಿ ಬೈಕುಗಳಿಗೆ ಕಿತ್ತುಕೊಂಡಿದ್ದಕ್ಕಿಂತ ಕಡಿಮೆ. ಚಿಲ್ಲರೆ ಇಟ್ಟುಕೊಂಡು ಹೋಗಿ, ಮಧ್ಯಾಹ್ನ ತಡ ಮಾಡಬೇಡಿ, ಒಳ್ಳೆ ಪಲ್ಯ ಖಾಲಿಯಾಗುತ್ತದೆ. ಮಂಗಗಳು ಹಿಂದಿನಿಂದ ಬರುತ್ತವೆ, ಒಬ್ಬರು ಉಳಿದವರ ಎದುರು ಕೂತು ಅವರ ಬೆನ್ನ ಹಿಂದೆ ಕಣ್ಣಿಟ್ಟಿರಿ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಮಾತ್ರ ಆ ಕಡೆ ಸುಳಿಯಬೇಡಿ. ಜಾತ್ರೆ ಇಷ್ಟ ಇದ್ದವರಿಗೆ ಅದೇ ಸರಿಯಾದ ಸಮಯ ಬಿಡಿ.

ಬಾದಾಮಿಯ ಗುಹೆಗಳ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ. ಗುಹೆಯ ಮೆಟ್ಟಿಲಿಂದ ಇಳಿದು ಅಗಸ್ತ್ಯ ತೀರ್ಥದ ಕೆರೆಯನ್ನು ಸುತ್ತಿಕೊಂಡು ಆಚೆ ದಡಕ್ಕೆ ಹೋಗಿ, ಭೂತನಾಥ ಗುಡಿಯ ಕಡೆ. ಮಳೆಗಾಲವಾದರೆ ಬಂಡೆಯ ಮೇಲಿಂದ ನೀರು ನೇರ ಕೆರೆಗೇ ಧುಮುಕುತ್ತದೆ. ಆ ಕಡೆಯ ತಟ್ಟುಕೋಟೆ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ. ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್. ಕನ್ನಡದ ಅತಿ ಹಳೆಯ ತ್ರಿಪದಿ. ಇವನು ಯಾರು, ಯಾರ ಮಗ, ಯಾವ ಯುದ್ಧ ಗೆದ್ದ ಅಂತ ಶಾಸನ ಒಂದು ಮಾತೂ ಹೇಳಲ್ಲ. ಸಿದ್ಧವಾಗಿರುವ ನಾಯಕ, ಕಥೆ ಮಾತ್ರ ಖಾಲಿ. ನಾನಂತೂ ಅವನನ್ನು ಬಿಡಲ್ಲ.

ಬಾದಾಮಿಯಿಂದ ಬಾಗಲಕೋಟೆ ಮೇಲೆ ವಿಜಯಪುರ. ಇಲ್ಲಿ ಒಂದು ಎಚ್ಚರಿಕೆ. ಕಬ್ಬು ಕಡಿಯುವ ಕಾಲದಲ್ಲಿ, ಅಂದರೆ ನವೆಂಬರ್ ಶುರುವಾದ ಮೇಲೆ, ಕತ್ತಲಾದ ನಂತರ ಈ ಕಡೆ ಬೈಕು ಓಡಿಸಲೇಬೇಡಿ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ದೀಪ ಇಲ್ಲ, ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ, ಮೇಲಿಂದ ಜೋರು ಹಾಡು, ಹಾರ್ನ್ ಹೊಡೆದರೆ ಅವನಿಗೆ ಕೇಳಲ್ಲ. ಕೊಲ್ಹಾರದ ಹತ್ತಿರ ಕೃಷ್ಣೆಯ ಮೇಲಿನ ಉದ್ದ ಸೇತುವೆಯಲ್ಲಿ ಅಂಥದ್ದೊಂದರ ಹಿಂದೆ ಹಗಲಲ್ಲೇ ಸಿಕ್ಕಿಕೊಂಡೆವು, ರಾತ್ರಿಯಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಕಡೇ ಪಕ್ಷ ಐದು ಗಂಟೆಗೆ ಊರು ಸೇರಿಬಿಡಿ.

ಗೋಲ್ ಗುಂಬಜ್ ಮೇಲೆ ಪಿಸುಮಾತು ಕೇಳಿಸುತ್ತದೆ ಅಂತಾರೆ. ಶಾಲೆಯ ಪ್ರವಾಸದ ಮಕ್ಕಳು ಶಿಳ್ಳೆ ಹೊಡೆಯುತ್ತಿದ್ದರೆ ಕಿವಿ ಮುಚ್ಚಿಕೊಂಡು ಇಳಿಯೋದೇ. ಬಾಗಿಲು ತೆರೆದ ಕೂಡಲೇ ಹೋದರೆ ಮಾತ್ರ ಹೋಗಿ. ನನಗೆ ಇಷ್ಟವಾಗಿದ್ದು ತಾಜ್ ಬಾವಡಿ ಅನ್ನೋ ಹಳೇ ದೊಡ್ಡ ಬಾವಿ ಮತ್ತು ಊರೊಳಗೆ ಅಲ್ಲಲ್ಲಿ ಅಂಗಡಿಗಳ ಮಧ್ಯೆ ನಿಂತಿರುವ ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳು. ಮಣ್ಣಿನ ಕೊಳವೆಯಲ್ಲಿ ಬರುವ ನೀರಿನ ಒತ್ತಡ ಇಳಿಸಿ, ಕೊಳವೆ ಒಡೆಯದ ಹಾಗೆ ಮುಂದಿನ ಓಣಿಗೆ ಬಿಡೋಕೆ ಕಟ್ಟಿದ್ದು. ಟಿಕೆಟ್ ಇಲ್ಲ, ಜನ ಇಲ್ಲ. ಹೆಂಡತಿ ಅದನ್ನು ನೋಡಿ ಇನ್ನು ನಿಮ್ಮ ಕೋಟೆಗೆ ಪ್ಲಂಬರ್‌ನೂ ಸೇರಿಸಿ ಅಂದಳು. ಸೇರಿಸಿದ್ದೇನೆ, ಅವನೇ ಈಗ ಎರಡನೇ ನಾಯಕ.

ವಾಪಸ್ 500 ಕಿಲೋಮೀಟರ್‌ಗೂ ಜಾಸ್ತಿ ದಾರಿ, ಮಗುವಿನ ಜೊತೆ ಬೈಕಿನಲ್ಲಿ ಬೇಡ. ವಿಜಯಪುರದಿಂದ ಬೆಂಗಳೂರಿಗೆ ರಾತ್ರಿ ರೈಲಿದೆ, ಹೆಂಡತಿ, ಮಗಳನ್ನು ಅದಕ್ಕೆ ಹತ್ತಿಸಿ ನಾನು, ತಮ್ಮ ಬೈಕಿನಲ್ಲಿ ಹಿಂದಿರುಗಿದೆವು. ಬೈಕನ್ನೂ ರೈಲಿಗೇ ಹಾಕುವುದಾದರೆ ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಸ್ಟೇಷನ್ ಹೊರಗೆ ಗೋಣಿ ಸುತ್ತಿ ಪ್ಯಾಕ್ ಮಾಡುವವರ ಹತ್ತಿರ ಗಾಡಿ ಕೊಡುವ ಮುಂಚೆಯೇ ರೇಟ್ ಮಾತಾಡಿ. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ.